ದರ್ಗಾ ಓಣಿಯ ನಳ

ನವೆಂಬರ್ 3, ಸೋಮವಾರ. ಮಸ್ಕಿ. ಬೆಳಿಗ್ಗೆ 6.40

ಪೂಜೆ ಮುಗಿಯಿತು. ಲಿಂಗ ಹಿಡಿದ ಎಡಗೈ ಒಂದಿಷ್ಟೂ ಅಲುಗಲಿಲ್ಲ. ಪೆನ್ನು ಹಿಡಿದ ಬಲಗೈ ಮಾತ್ರ ಕುಣಿಯುತ್ತಿದೆ. ನರದ ತೊಂದರೆ ಎನ್ನುತ್ತಾರೆ ಡಾಕ್ಟರು. ಹದಿನೈದು ವರ್ಷ ಪಂಚಾಯ್ತಿಯ ಟೇಬಲ್ ಗುದ್ದಿದ ಕೈ, ದಣಿದಿರಬೇಕು. ಅಕ್ಷರ ದಪ್ಪ ಮಾಡಿದರೆ ಓದಲು ಬರುತ್ತದೆ. ಪುಟಕ್ಕೆ ಎಂಟೇ ಸಾಲು. ಇರಲಿ, ನೋಟ್‌ಬುಕ್ಕು ನನ್ನದು.

ಈ ತಿಂಗಳ ಮೂವತ್ತಕ್ಕೆ ನನಗೆ ಎಪ್ಪತ್ತೈದು. ನಾನು ಮಸ್ಕಿಗೆ ಬಂದು ಮಗನ ಮನೆ ಸೇರಿದರೂ ನಮ್ಮ ಹಳ್ಳಿಯಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ಮೂರು ಸಲ ಮೆಂಬರ್ ಮಾಡಿ ಕಳಿಸಿದ ಊರು. ಶಾಲು ಹೊದಿಸುತ್ತೇವೆ ಅಂದರೆ ಬೇಡ ಅನ್ನಲು ನಾನೇನು ಸನ್ಯಾಸಿಯೇ? ಸೊಸೆ ಶಿವಕುಮಾರಿ ನನ್ನ ಮೇಲೆ ಪುಸ್ತಕ ಮಾಡುತ್ತಿದ್ದಾಳೆ. ಇಪ್ಪತ್ತನಾಲ್ಕು ಪುಟ. ಹೈಸ್ಕೂಲ್ ಟೀಚರು ಅವಳು. ಪ್ರಶ್ನೆ ಕೇಳಿದರೆ ಪರೀಕ್ಷೆಗೆ ಕೂತ ಹಾಗೆಯೇ.

"ಅತ್ತಿ, ಮೆಂಬರ್ ಆದ ಮ್ಯಾಲ ನೀವು ಮಾಡಿದ ಮೊದಲನೇ ಕೆಲಸ ಯಾವ್ದ್ರೀ?"

"ದರ್ಗಾ ಓಣಿಗೆ ನಳ ತಂದಿದ್ದು. ದಪ್ಪ ಅಕ್ಷರದಾಗ ಬರಿ."

ನವೆಂಬರ್ 5. ಮಧ್ಯಾಹ್ನ

ನಳದ ಕಥೆ ಪೂರ್ತಿ ಹೇಳಿದೆ. ಮೂವತ್ತು ವರ್ಷದಿಂದ ಹೇಳುತ್ತ ಬಂದ ಕಥೆ. ಒಂದು ಶಬ್ದವೂ ಆಚೀಚೆ ಆಗುವುದಿಲ್ಲ.

1994. ಹೆಣ್ಣುಮಕ್ಕಳ ಮೀಸಲಾತಿಯಲ್ಲಿ ಗೆದ್ದು ಎಂಟು ತಿಂಗಳು. ನಮ್ಮ ವಾರ್ಡಿಗೆ ಒಂದು ನಳ ಮಂಜೂರಾಯಿತು. ದರ್ಗಾ ಓಣಿಗೇ ಎಂದು ನಾನು ಮಾತು ಕೊಟ್ಟಿದ್ದೆ. ಅಲ್ಲಿಯ ಹೆಂಗಸರು ಕಾಲುವೆಯಿಂದ ಹೊತ್ತು ತರುತ್ತಿದ್ದರು. ಮೀಟಿಂಗ್ ಬಿದ್ದದ್ದು ಶ್ರಾವಣದ ಮೂರನೇ ಸೋಮವಾರ. ಅವತ್ತು ನಾನು ಗುರುಗುಂಟಿ ಅಮರೇಶ್ವರಕ್ಕೆ ಹೋಗಿದ್ದೆ. ಗೆದ್ದರೆ ಬರುತ್ತೇನೆ ಎಂದು ಹರಕೆ ಹೊತ್ತಿದ್ದೆನಲ್ಲ. ನಾನಿಲ್ಲದ ಹೊತ್ತು ನೋಡಿ ಉಳಿದ ಮೆಂಬರುಗಳು ಠರಾವು ಪಾಸು ಮಾಡಿ ನಳವನ್ನು ಮಠದ ಮುಂದೆ ಹಾಕಿಸಿಬಿಟ್ಟರು.

ಹನ್ನೊಂದು ತಿಂಗಳು ಬಿಡಲಿಲ್ಲ ನಾನು. ಒಂದೊಂದು ಮೀಟಿಂಗಿನಲ್ಲೂ ಎದ್ದು ನಿಂತು, "ಯಾವ ಕೈ ಬರೆದ ಠರಾವ್ರೀ ಇದು? ಆ ಕೈ ಮ್ಯಾಲೆತ್ರಿ ನೋಡೂಣು" ಅನ್ನುತ್ತಿದ್ದೆ. ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಠರಾವಿನ ಪುಸ್ತಕ ತೋರಿಸು ಅಂದರೆ ಕಾರಕೂನ ಕೆಮ್ಮುತ್ತಿದ್ದ. ದರ್ಗಾ ಓಣಿಯ ರಾಜಾಬೀ ಅಲ್ಲಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಖಾಲಿ ಕೊಡ ಹೊತ್ತು ಹೊರಗೆ ಕೂರುತ್ತಿದ್ದಳು. ಕೊನೆಗೆ ಎರಡನೇ ನಳ ಬಂತು. ಮೊದಲ ಕೊಡ ರಾಜಾಬೀಯದು.

ಶಿವಕುಮಾರಿಗೆ ಆ ಹಳೆಯ ಠರಾವಿನ ಫೋಟೋ ಬೇಕಂತೆ. "ಪುಸ್ತಕಕ್ಕ ಪುರಾವೆ ಇರಬೇಕ್ರೀ ಅತ್ತಿ." ನಮ್ಮೂರು ಆಗ ಲಿಂಗಸುಗೂರು ತಾಲೂಕು. ದಫ್ತರವೆಲ್ಲ ಅಲ್ಲೇ ಇದೆಯಂತೆ. ನಡಿ, ಹೋಗೋಣ ಎಂದೆ. ಆ ಕೈ ಯಾರದೆಂದು ನನಗೂ ನೋಡಬೇಕಿತ್ತು.

ನವೆಂಬರ್ 7. ಲಿಂಗಸುಗೂರಿನಿಂದ ಬಂದ ಮೇಲೆ

ನೋಡಿದೆ.

"ವಾರ್ಡ್ ಸದಸ್ಯೆ ಶ್ರೀಮತಿ ವೀರಭದ್ರಮ್ಮನವರ ಕೋರಿಕೆಯ ಮೇರೆಗೆ, ನಳವನ್ನು ದರ್ಗಾ ಓಣಿಯ ಬದಲಾಗಿ ಮಠದ ಮುಂಭಾಗದಲ್ಲಿ ಅಳವಡಿಸಲು ತೀರ್ಮಾನಿಸಲಾಯಿತು."

ಕೆಳಗೆ ನನ್ನ ಸಹಿ. ನನ್ನ ಹೆಸರು, ನಮ್ಮ ಯಜಮಾನರ ಅಕ್ಷರ. ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಅಂಗಡಿಯ ಚೀಟಿಗಳಲ್ಲಿ ಇವರು ಹಾಕುತ್ತಿದ್ದುದು ಹೀಗೆಯೇ. ನನ್ನ ಹೆಸರನ್ನು ನನಗಿಂತ ಚೆಂದ ಬರೆದಿದ್ದಾರೆ.

ಶಿವಕುಮಾರಿ ಮೊಬೈಲ್ ಎತ್ತಿದವಳು ಹಾಗೇ ಇಳಿಸಿದಳು. "ಫೋಟೋ ಹೊಡಿ" ಎಂದೆ.

ನವೆಂಬರ್ 13

ಐದು ದಿನ ಬರೆಯಲಿಲ್ಲ. ಪೂಜೆ ತಪ್ಪಿಸಲಿಲ್ಲ. ಇವರ ಫೋಟೋವನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದೇನೆ. ಶಿವಕುಮಾರಿ ದಿನಾ ಅದರ ಬೆನ್ನು ಒರೆಸುತ್ತಾಳೆ.

ಆಗ ಹಾಗೇ ನಡೆಯುತ್ತಿತ್ತು, ಗೊತ್ತು. ಹೆಂಡತಿ ಮೆಂಬರ್ ಆದರೆ ಗಂಡ ಮೀಟಿಂಗಿಗೆ ಹೋಗುವುದು. ಯಜಮಾನರು ಸಹಿ ಮಾಡಿದರೆ ಮನೆಯಾಕೆ ಮಾಡಿದಂತೆಯೇ. ಇವರಿಗೆ ಅದು ತಪ್ಪು ಅಂತ ಅನ್ನಿಸಿಯೇ ಇರಲಿಕ್ಕಿಲ್ಲ. ಮಠಕ್ಕೆ ನೀರು, ಜಂಗಮರ ಪಾದ ತೊಳೆಯಲು ನೀರು, ಅದಕ್ಕಿಂತ ಪುಣ್ಯ ಏನಿದೆ ಎಂದುಕೊಂಡಿರಬೇಕು. ಆದರೆ ಏಳನೇ ಇಯತ್ತೆ ಪಾಸಾದವಳು ನಾನು. ನನಗೂ ಸಹಿ ಬರುತ್ತಿತ್ತಲ್ಲ!

ಹನ್ನೊಂದು ತಿಂಗಳು ನಾನು ಗುದ್ದಾಡಿದ್ದು ನನ್ನ ಸಹಿಯ ಮೇಲೆಯೇ. ಎಲ್ಲರಿಗೂ ಗೊತ್ತಿತ್ತು. ತಲೆ ತಗ್ಗಿಸಿದ್ದು ನನಗೆ ಹೆದರಿ ಅಲ್ಲ. ನನ್ನ ಮರ್ಯಾದೆ ಉಳಿಸಲು.

ಸಿಟ್ಟು ಬಂದಿದೆ. ಸತ್ತವರ ಮೇಲೆ ಸಿಟ್ಟು ಬಂದರೆ ಯಾರ ಜೊತೆ ಜಗಳಾಡುವುದು?

ನವೆಂಬರ್ 15. ಸಂಜೆ

ಮಗ ಸಂಗನಬಸವನಿಗೆ ಹೇಳಿದೆ. ಗೊಬ್ಬರದ ಅಂಗಡಿ ಮುಚ್ಚಿ ಬಂದು ಊಟಕ್ಕೆ ಕೂತಿದ್ದ. ಆ ಪುಟ ಪುಸ್ತಕದಲ್ಲಿ ಬರಬೇಕು, ಸನ್ಮಾನದ ದಿನ ನಾನೇ ಮೈಕಿನಲ್ಲಿ ಹೇಳುತ್ತೇನೆ ಎಂದೆ. ರೊಟ್ಟಿ ಕೈಯಲ್ಲೇ ಉಳಿಯಿತು.

"ಯವ್ವಾ, ಅಪ್ಪ ಹೋಗಿ ಹನ್ನೆರಡು ವರ್ಷ ಆತು. ಊರ ಮಂದಿ ಮುಂದ ಅವನ ಹೆಸರಿಗೆ ಮಸಿ ಹಚ್ಚತಿಯೇನು?"

"ನನ್ನ ಹೆಸರಿಗೆ ಅವರು ಹಚ್ಯಾರಲ್ಲೋ. ಅದೂ ಮಸೀನ."

"ಯಾರಿಗೂ ನೆನಪಿಲ್ಲ ಈಗ. ಮುಚ್ಚಿದ ಗಡಿಗಿ ಮುಚ್ಚೇ ಇರಲಿ ಬಿಡು."

ಅವನ ಮಾತು ಪೂರ್ತಿ ತಪ್ಪಲ್ಲ. ಅಪ್ಪನ ಮೇಲೆ ಜೀವ ಅವನಿಗೆ. ನನಗಿಲ್ಲವೇ? ನಲವತ್ತೈದು ವರ್ಷ ಬಾಳಿದ್ದೇನೆ. ಆದರೆ ನಾಳೆ ಬೆಳಿಗ್ಗೆ ಮತ್ತೆ ಲಿಂಗ ಕೈಯಲ್ಲಿ ಹಿಡಿಯಬೇಕು. ಅರ್ಧ ಕಥೆಗೆ ಶಾಲು ಹೊದ್ದು ಬಂದು ಆ ಕೈ ಮುಂದೆ ಚಾಚಲಾರೆ.

ಒಂದೇ ಅಳುಕು. ರಾಜಾಬೀಗೆ ಮೊದಲು ಹೇಳಬೇಕು. ಅವಳು ಕ್ಷಮಿಸದಿದ್ದರೆ ಸನ್ಮಾನವೇ ಬೇಡ.

ನವೆಂಬರ್ 18. ಸಿಂಧನೂರು

ರಾಜಾಬೀ ಈಗ ಮಗಳು ದಾವಲ್‌ಬೀಯ ಮನೆಯಲ್ಲಿದ್ದಾಳೆ. ಹಲ್ಲು ಹೋಗಿವೆ, ಬಾಯಿ ಹೋಗಿಲ್ಲ. ಬಲಗೈ ಮಣಿಕಟ್ಟು ಇನ್ನೂ ಸೊಟ್ಟ. ಕಾಲುವೆಯ ದಂಡೆಯಲ್ಲಿ ಕೊಡದ ಸಮೇತ ಬಿದ್ದು ಮುರಿದದ್ದು. ಆ ಹನ್ನೊಂದು ತಿಂಗಳಲ್ಲೇ. ದಾರಿಯುದ್ದಕ್ಕೂ ಅದೇ ಮಣಿಕಟ್ಟು ಕಣ್ಣ ಮುಂದೆ.

ಮೊಬೈಲಿನಲ್ಲಿ ಆ ಪುಟ ತೋರಿಸಿ ಓದಿ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತಲೇ ಇದ್ದಳು.

"ಗೊತ್ತೈತಿ."

"ಏನು ಗೊತ್ತೈತಿ?"

"ಆವತ್ತ ಗೊತ್ತಿತ್ತು. ನಳ ಬರತೈತಂತ ಖುಷೀಲೆ ಕೇಳಾಕ ಹೋಗಿದ್ನಿ. ಕಿಡಕ್ಯಾಗ ನಿಂತಿದ್ನಿ. ಕಾರಕೂನ ಓದಿದ, ನಿನ್ನ ಗಂಡ ನಿನ್ನ ಸಹಿ ಬರದ. ನೀ ಅಮರೇಶ್ವರಕ್ಕ ಹೋಗಿದ್ದಿ."

"ಮತ್ತ ನನಗ್ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನೀ ಗಂಡನ ಕೂಡ ಜಗಳಾಡ್ಕೊಂತ ಮನ್ಯಾಗ ಕುಂದರ್ತಿದ್ದಿ. ನಮಗ ನಿಮ್ಮ ಜಗಳ ಬೇಕಾಗಿದ್ದಿಲ್ಲ, ನೀರು ಬೇಕಾಗಿತ್ತು."

ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ಮೂವತ್ತು ವರ್ಷ ಈ ಹೆಂಗಸರ ಮುಂದಾಳು ನಾನು ಅಂದುಕೊಂಡಿದ್ದೆ. ಇವಳು ನನ್ನನ್ನು ಎತ್ತು ಹೂಡಿದಂತೆ ಹೂಡಿ ಹೊಡೆದಿದ್ದಾಳೆ! ಸೊಟ್ಟಗೈ ಹಿಡಿದುಕೊಂಡೆ. ತಪ್ಪಾಯಿತು ಎಂದೆ. ಕೈ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅಂದಳು:

"ನಿನ್ನ ಗಂಡ ನನ್ನ ಕೈ ಮುರದ ಮ್ಯಾಲ ಒಮ್ಮೆರ ಆ ಪಂಚಾಯ್ತಿ ಮೆಟ್ಟಲ ಹತ್ತಿದ್ದು ನೋಡೀಯೇನು?"

ನವೆಂಬರ್ 19. ಬೆಳಿಗ್ಗೆ

ಇಲ್ಲ. ಹತ್ತಲಿಲ್ಲ.

ರಾಜಾಬೀ ಕೈ ಮುರಿದುಕೊಂಡ ವಾರದಿಂದಲೇ ಅದು. ಅಲ್ಲಿಯ ತನಕ ನನ್ನ ಜೊತೆ ಒಳಗೆ ಬಂದು ಕೂರುತ್ತಿದ್ದವರು "ಇನ್ನ ಮ್ಯಾಲ ನೀ ಒಬ್ಬಾಕೀನ ಹೋಗು" ಎಂದರು. ಲೂನಾದ ಮೇಲೆ ಕೂರಿಸಿಕೊಂಡು ಒಯ್ಯುವವರು, ಮೀಟಿಂಗ್ ಮುಗಿಯುವ ತನಕ ಎದುರಿನ ಬೇವಿನ ಮರದ ಕೆಳಗೆ ನಿಲ್ಲುವವರು. ಮಳೆ ಬಂದರೂ ಒಳಗೆ ಬಂದವರಲ್ಲ. ಬರ್ರೀ ಎಂದು ಎಲ್ಲರೂ ಕರೆಯುತ್ತಿದ್ದರು. ಇಲ್ಲೇ ಆರಾಮ ಐತಿ ಅನ್ನುತ್ತಿದ್ದರು. ಹೆಂಡತಿಯ ಮೇಲೆ ಎಷ್ಟು ಅಭಿಮಾನ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಅಭಿಮಾನ ಇತ್ತು. ಅದರ ಜೊತೆ ಇನ್ನೊಂದೂ ಇತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಒಂದು ದಿನ ಜಗಳ ಆಗುತ್ತಿತ್ತು, ಮುಗಿಯುತ್ತಿತ್ತು. ಹೇಳಲಿಲ್ಲ. ಹದಿನೈದು ವರ್ಷ ಬಿಸಿಲಿಗೆ ನಿಂತರು. ಎಂಥ ಹಟಮಾರಿ ಮನುಷ್ಯ.

ಫೋಟೋ ಈಚೆ ತಿರುಗಿಸಿ ವಿಭೂತಿ ಹಚ್ಚಿದೆ. ಸಿಟ್ಟು ಅರ್ಧ ಇಳಿದಿದೆ. ಉಳಿದರ್ಧ ಇರಲಿ, ಅದು ರಾಜಾಬೀ ಮಣಿಕಟ್ಟಿನದು.

ಶಿವಕುಮಾರಿಗೆ ಹೇಳಿದೆ — ಠರಾವಿನ ಪುಟವೂ ಬರಲಿ, ಬೇವಿನ ಮರವೂ ಬರಲಿ. ಒಂದು ಬಿಟ್ಟು ಇನ್ನೊಂದು ಬೇಡ. ನಳ ತಂದವರು ಅಂತ ಬರೆದಲ್ಲಿ ರಾಜಾಬೀ ಹೆಸರು ಮೊದಲು. ಆಮೇಲೆ ನನ್ನದು.

ನವೆಂಬರ್ 22

ಮೊನ್ನೆ ಸಂಗನಬಸವ ಕರಡು ಓದಿದ. ಬೇವಿನ ಮರದ ಸಾಲಿಗೆ ಬಂದು ಕನ್ನಡಕ ತೆಗೆದ. ಮರುದಿನ ಸಿಂಧನೂರಿನ ಪ್ರೆಸ್ಸಿಗೆ ತಾನೇ ಒಯ್ದು ಕೊಟ್ಟು ಬಂದ.

ನವೆಂಬರ್ 29

ಪುಸ್ತಕ ಬಂತು. ರಟ್ಟಿನ ಮೇಲೆ ನನ್ನ ಫೋಟೋ. ಹುಬ್ಬು ಗಂಟು ಹಾಕಿದ್ದೇನೆ. ಚೆನ್ನಾಗಿದೆ. ನಾಳೆ ಇಳಕಲ್ ಸೀರೆ.

ನವೆಂಬರ್ 30, ಭಾನುವಾರ. ಊರು. ಮಧ್ಯಾಹ್ನ 2.30

ದರ್ಗಾ ಓಣಿಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಊಟ ಇಲ್ಲೇ.

ಹೇಳಿದೆ. ಮೈಕ್ ಹಿಡಿದು ಎಲ್ಲ ಹೇಳಿದೆ. ಶಾಲು ತೆಗೆದು, ಸಿಂಧನೂರಿನಿಂದ ಬಂದಿದ್ದ ರಾಜಾಬೀ ಹೆಗಲಿಗೆ ಹಾಕಿದೆ. ಅವಳು "ಸೆಕಿ ಆಗತೈತಿ, ತೆಗಿ" ಎಂದು ಮೈಕಿನಲ್ಲೇ ಅಂದಳು. ಆಗ ಎಲ್ಲ ನಕ್ಕರು. ಬೇವಿನ ಮರ ಇನ್ನೂ ಇದೆ. ಅತ್ತ ನೋಡಿ ಕೈ ಮುಗಿದೆ. ಸಂಗನಬಸವ ಮುಂದಿನ ಸಾಲಿನಲ್ಲೇ ಕೂತು ಕಣ್ಣೊರೆಸಿಕೊಂಡ.

ಕೊನೆಗೆ ಪಂಚಾಯ್ತಿಯ ಪುಸ್ತಕ ತಂದರು. ಸನ್ಮಾನ ಸ್ವೀಕರಿಸಿದ್ದಕ್ಕೆ ಸಹಿ ಬೇಕು. ಬಲಗೈ ಕುಣಿಯಲು ಶುರುವಾಯಿತು. ಸಂಗನಬಸವ ಓಡಿ ಬಂದ, ಜೇಬಿನ ಪೆನ್ನು ತೆಗೆದ.

"ಯವ್ವಾ, ಕೈ ನಡಗಾಕತ್ತೈತಿ. ಬಿಡು, ನಿನ್ನ ಪರವಾಗಿ ನಾ ಹಾಕ್ತೀನಿ."

ಅಂದವನೇ ನಿಂತುಬಿಟ್ಟ. ಪಾಪ, ಮುಖ ಸುಣ್ಣದ ಗೋಡೆ. ರಾಜಾಬೀ ಅವನನ್ನು ನೋಡಿದಳು, ನನ್ನನ್ನು ನೋಡಿದಳು.

ನಾನು ಕೈ ಚಾಚಿದೆ. ಪೆನ್ನು ಕೊಟ್ಟ.

ವೀ ಬಂತು. ರ ಬಂತು. ಭ ಹತ್ತಿರ ಪೆನ್ನು ನಿಂತಿತು. ಪೆಂಡಾಲೆಲ್ಲ ಕಾಯಿತು. ಕಾಯಲಿ, ಹದಿನೈದು ವರ್ಷ ಕಾದವರಿದ್ದಾರೆ. ಪೂರ್ತಿ ಬರೆದೆ. ಸಾಲು ಬಿಟ್ಟು ಕೆಳಗಿಳಿಯಿತು. ಇವರು ಬರೆದಷ್ಟು ಚೆಂದ ಬರಲಿಲ್ಲ. ನನ್ನದು, ಅಷ್ಟು ಸಾಕು.

ರಾಜಾಬೀ ಕೂಗುತ್ತಿದ್ದಾಳೆ. ಊಟಕ್ಕೆ ಕೈ ತೊಳೆಯಬೇಕಂತೆ. ಸೊಟ್ಟಗೈಯಲ್ಲೇ ನಳ ತಿರುವಿ ಹಿಡಿದು ನಿಂತಿದ್ದಾಳೆ. "ಏ ಮೆಂಬರಮ್ಮ, ಬರದಿದ್ದು ಸಾಕು ಬಾ, ನೀರು ಸುಮ್ನ ಹರಿಯಾಕತ್ತೈತಿ" ಅಂತ —