ಎಂಟು ನಿಮಿಷ ಮೊದಲು

ಮಾರ್ಚ್ 3, ಸೋಮವಾರ. ಸಂಜೆ 7.10

ಇವತ್ತೂ ಬಿಸ್ಕತ್ತು. ಖರ್ಜೂರ ಎರಡು, ನಲ್ಲಿ ನೀರು, ಲ್ಯಾಬಿನ ಸ್ಟೂಲಿನ ಮೇಲೆ ಕೂತು ಅರ್ಧ ಪ್ಯಾಕೆಟ್ಟು. ಎದುರಿಗೆ ಏಳು ತಕ್ಕಡಿ. ಒಂದಕ್ಕೂ ಹಸಿವಿಲ್ಲ.

ಎರಡನೇ ಉಪವಾಸ ಮುಗಿಯಿತು. ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋಗಿದ್ದಾರೆ, ಇಡೀ ವಿಶ್ವವಿದ್ಯಾಲಯ ಭಣಗುಡುತ್ತಿದೆ. ಮೆಸ್ಸಿಗೆ ಬೀಗ. ಕ್ಯಾಂಟೀನು ನಾಲ್ಕೂವರೆಗೆ ಬಾಗಿಲು ಹಾಕುತ್ತದೆ — ನಾನು ಬಾಯಿ ತೆರೆಯುವುದು ಆರು ಇಪ್ಪತ್ತರ ಮೇಲೆ. ಗೇಟಿನಾಚೆ ಎರಡು ಹೋಟೆಲು. ಒಂದು ರಜೆ ಎಂದು ಬೋರ್ಡು ಹಾಕಿದೆ. ಇನ್ನೊಂದರಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿಟ್ಟು ನೆಲ ಒರೆಸುತ್ತಿದ್ದರು. ಊಟ ಇದೆಯಾ ಎಂದರೆ, "ನಾಳೆ ಮಧ್ಯಾಹ್ನ ಬನ್ನಿ" ಅಂದರು. ಮಧ್ಯಾಹ್ನ ಬಂದು ಮೂಸಿ ನೋಡಿ ಹೋಗಲೇ?

ನಾಲ್ಕು ತಿಂಗಳ ಕೆಲಸ, ಭೌತಶಾಸ್ತ್ರ ವಿಭಾಗದ ತಕ್ಕಡಿ, ಮಾಪಕಗಳನ್ನೆಲ್ಲ ಸರಿ ನೋಡಿ ಕೊಡುವುದು. ಒಪ್ಪಿಕೊಳ್ಳುವಾಗ ಊಟದ ಯೋಚನೆ ತಲೆಗೇ ಬರಲಿಲ್ಲ. ಐವತ್ತಮೂರು ವರ್ಷ ಒಂದೇ ಊರು, ಒಂದೇ ಮನೆ, ಅಕ್ಕನ ಕೈ ಅಡುಗೆ. ಈಗ ಅವಳಿಗೂ ನನಗೂ ನಡುವೆ ಅರ್ಧ ಹಗಲಿನ ರೈಲು.

ಅಕ್ಕ ಪ್ರತಿ ವರ್ಷದ ಹಾಗೆ ಉಪವಾಸ ಬಿಡುವ ಸಮಯದ ಪಟ್ಟಿ ಕೈಯಲ್ಲೇ ಬರೆದು ಫೋಟೋ ಕಳಿಸಿದ್ದಾಳೆ. ಮೂವತ್ತು ದಿನದ್ದು. ಮುತ್ತಿನಂಥ ಅಕ್ಷರ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.

ಮಾರ್ಚ್ 5, ಬುಧವಾರ

ಊಟ ಹುಡುಕಿಕೊಂಡು ಎರಡು ಮೈಲಿ ನಡೆದೆ. ಬೇಕರಿ — ಷಟರ್ ಎಳೆದಿತ್ತು. ಪೆಟ್ರೋಲ್ ಬಂಕಿನ ಅಂಗಡಿ — ಚಿಪ್ಸು, ಬ್ಯಾಟರಿ, ಕಾರು ಒರೆಸುವ ಬಟ್ಟೆ. ವಾಪಸು ಬರುವಾಗ ಕಾಲು ಸೋತು ಗೇಟಿನ ಹತ್ತಿರ ನಿಂತೆ.

ವಾಚ್‌ಮನ್ ಗೂಡಿನೊಳಗೆ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಮುಚ್ಚಳ ತೆಗೆದಿರಲಿಲ್ಲ. ಎಲ್ಲರೂ ಅವರನ್ನು ಗೇಟ್ ಮಾಮ ಅಂತ ಕರೆಯುತ್ತಾರೆ. ಅರವತ್ತು ದಾಟಿದೆ.

"ಉಪವಾಸಾನಾ?" ಅಂದೆ.

"ನೀವೂನಾ? ಅಯ್ಯೋ, ಒಂದು ತಿಂಗಳಿಂದ ದಿನಾ ಗುಡ್ ಮಾರ್ನಿಂಗ್ ಹೇಳ್ತಿದೀವಿ, ಗೊತ್ತೇ ಆಗ್ಲಿಲ್ವಲ್ಲ ಸಾರ್!"

ಸಮಯ ಹೇಗೆ ನೋಡುತ್ತೀರಿ ಎಂದು ಕೇಳಿದೆ. ಮಸೀದಿ ಇರುವುದು ಎರಡು ಬಸ್ಸು ಹಿಡಿದು ಹೋಗುವಷ್ಟು ದೂರ, ಅಲ್ಲಿಯ ಕೂಗು ಇಲ್ಲಿಗೆ ಕೇಳಿಸುವುದಿಲ್ಲ. ಅವರ ಫೋನಿನಲ್ಲಿ ಮಾತು ಬಿಟ್ಟರೆ ಬೇರೇನೂ ಇಲ್ಲ.

"ಬೀದಿ ದೀಪ ಹತ್ತಿದ್ಮೇಲೆ ಇನ್ನೊಂದು ಕಾಲು ಗಂಟೆ ಬಿಟ್ಟು ತಿಂತೀನಿ. ತಡ ಆದ್ರೆ ನಡಿಯುತ್ತೆ, ಮೊದಲು ಆಗ್ಬಾರ್ದು ನೋಡಿ."

ಗಡಿಯಾರ ನೋಡಿದೆ. ಪಟ್ಟಿಯ ಪ್ರಕಾರ ಸಮಯವಾಗಿ ಅರ್ಧ ಗಂಟೆ ಮೇಲಾಗಿತ್ತು. ನನಗೆ ಪಾಪ ಅನ್ನಿಸಿತು. ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಆಯಿತು — ನನ್ನಂಥವನೊಬ್ಬ ಇಲ್ಲಿಗೆ ಬೇಕಿತ್ತು ಅಂತ. ಫೋನು ತೆಗೆದು ಅಕ್ಕನ ಪಟ್ಟಿ ತೋರಿಸಿದೆ. ಅರ್ಧ ಡಬ್ಬಿ ನನಗೆ ಕೊಟ್ಟರು. ಬೇಳೆ, ಅನ್ನ. ಕಣ್ಣಲ್ಲಿ ನೀರು ಬಂತು, ಖಾರಕ್ಕಲ್ಲ.

ಮಾರ್ಚ್ 6, ಗುರುವಾರ. ಸಂಜೆ 7.30

ಹೊಟ್ಟೆ ತುಂಬಿದೆ! ಮೊದಲು ಅದನ್ನು ಬರೆಯುತ್ತೇನೆ.

ಮಾಮ ಬೆಳಿಗ್ಗೆಯೇ ಕ್ಯಾಂಟೀನಿನ ಅಡುಗೆಯಮ್ಮನ ಹತ್ತಿರ ಕರೆದುಕೊಂಡು ಹೋದರು. ಗಟ್ಟಿ ಹೆಂಗಸು. ಸೌಟು ಹಿಡಿದೇ ಮಾತಾಡುತ್ತಾಳೆ. ನಮ್ಮ ಉಪವಾಸಕ್ಕೂ ಅವಳಿಗೂ ಸಂಬಂಧವಿಲ್ಲ. ಆದರೂ ಮಾಮನ ಮುಖ ನೋಡಿ ಒಪ್ಪಿದಳು — ಹಿಂದಿನ ಅಡುಗೆಮನೆ ಸಂಜೆಗೂ ತೆರೆದಿಡುತ್ತಾಳೆ.

"ಆದ್ರೆ ಕರೆಕ್ಟ್ ಟೈಮ್ ಹೇಳ್ಬೇಕು. ಒಂದು ಗಂಟೆ ಆಚೀಚೆ ಅಂದ್ರೆ ಆಗಲ್ಲ. ಏಳಕ್ಕೆ ನನ್ನ ಬಸ್ಸು."

"ನಿಮಿಷ ಸಮೇತ ಕೊಡ್ತೀನಿ" ಅಂದೆ.

ಮಧ್ಯಾಹ್ನವೇ ಪಟ್ಟಿಯನ್ನು ದಪ್ಪ ಹಾಳೆಗೆ ಇಳಿಸಿ ಒಲೆಯ ಪಕ್ಕ ಅಂಟಿಸಿದೆ. ಮೇಲೆ ಒಂದು ಹಸಿರು ಚೀಟಿ. ನಮ್ಮ ಕೆಲಸದಲ್ಲಿ ಯಂತ್ರ ಸರಿಯಿದ್ದರೆ ಹಸಿರು ಚೀಟಿ, ಕೆಳಗೆ ಸಹಿ. ತಪ್ಪಿದ್ದರೆ ಕೆಂಪು — ಬಳಸಬೇಡಿ. ಮೂವತ್ತು ವರ್ಷದಲ್ಲಿ ನನ್ನ ಹಸಿರು ಚೀಟಿ ಒಂದೂ ವಾಪಸು ಬಂದಿಲ್ಲ. ತಮಾಷೆಗೇ ಅಂಟಿಸಿದ್ದು, ಆದರೂ ಸಹಿ ಹಾಕಿದೆ.

6.22ಕ್ಕೆ ಸರಿಯಾಗಿ ಖರ್ಜೂರ. ಆಮೇಲೆ ಸೂಪು, ಬ್ರೆಡ್ಡು, ಮೊಟ್ಟೆ. ಉಪವಾಸವಿರುವ ಇನ್ನೊಬ್ಬಳು ಬಂದು ಸೇರಿಕೊಂಡಳು. ಇರುವೆಗಳ ಮೇಲೆ ಪಿಎಚ್.ಡಿ. ಮಾಡುತ್ತಾಳಂತೆ, ಅವುಗಳಿಗೆ ರಜೆ ಇಲ್ಲವಾದ್ದರಿಂದ ಇವಳಿಗೂ ಇಲ್ಲ. ಅಡುಗೆಯಮ್ಮ ಆಗಲೇ ಹೆಸರಿಟ್ಟಾಯಿತು: ಇರುವೆ ಹುಡುಗಿ.

ಮಾಮ ಬಾಯಿ ಒರೆಸಿಕೊಂಡು, "ನಿಮ್ಮಿಂದ ನನ್ ಹೊಟ್ಟೆಗೆ ಅರ್ಧ ಗಂಟೆ ಉಳೀತು ಸಾರ್" ಅಂದರು. ಉಬ್ಬಿ ಹೋದೆ.

ಮಾರ್ಚ್ 9, ಭಾನುವಾರ

ಇರುವೆ ಹುಡುಗಿ ಫೋನು ಹಿಡಿದುಕೊಂಡು ಬಂದಳು. "ಸರ್, ಉಪವಾಸ ಬಿಡೋ ಟೈಮು ಇದ್ರಲ್ಲಿ ಎಂಟು ನಿಮಿಷ ಲೇಟಾಗಿ ತೋರಿಸ್ತಿದೆ."

"ನಿನ್ನ ಫೋನು ಇನ್ನೂ ನಿಮ್ಮೂರಿನ ಟೈಮೇ ತೋರಿಸ್ತಿರ್ಬೇಕಮ್ಮ" ಅಂದೆ. "ನಾನು ಮೂವತ್ತು ವರ್ಷದಿಂದ ಅಳತೆಯಲ್ಲೇ ಅನ್ನ ತಿನ್ನೋನು. ಫೋನಿಗೆ ಹಸಿರು ಚೀಟಿ ಇದೆಯಾ, ನೋಡು!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಫೋನು ಜೇಬಿಗೆ ಹಾಕಿಕೊಂಡಳು. ಈಗಿನವರಿಗೆ ಫೋನು ಹೇಳಿದ್ದೇ ವೇದವಾಕ್ಯ.

ಮಾರ್ಚ್ 13, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಚೆನ್ನಾಗಿದ್ದಾಗ ಬರೆಯಬೇಕು ಅನ್ನಿಸುವುದೂ ಇಲ್ಲ.

ಸಂಜೆ ಐದಾದರೆ ಕಾಲು ತಾನಾಗಿ ಅಡುಗೆಮನೆ ಕಡೆ ತಿರುಗುತ್ತದೆ. ಪಶ್ಚಿಮಕ್ಕೆ ಸಭಾಂಗಣದ ದೊಡ್ಡ ಗೋಡೆ ಇರುವುದರಿಂದ ಅಲ್ಲಿ ಬೇಗ ಮಬ್ಬು. ದೀಪ ಹಾಕಿಕೊಂಡು ನಾನು ಹಣ್ಣು ಹೆಚ್ಚುತ್ತೇನೆ — ಒಂದೇ ಅಳತೆಯ ಹೋಳು. ಅಡುಗೆಯಮ್ಮ ನನ್ನ ಹೋಳುಗಳನ್ನು ಸ್ಕೇಲಿಟ್ಟು ಅಳೆದು ಮಾಮನಿಗೆ ತೋರಿಸಿ ಆಡಿಕೊಳ್ಳುತ್ತಾಳೆ. ಸಿಟ್ಟು ಬರುವುದಿಲ್ಲ, ಅದೇ ಆಶ್ಚರ್ಯ.

ಇರುವೆ ಹುಡುಗಿ ಮಾತ್ರ ಬಲು ನಿಧಾನ. ನಾವು ಸೂಪು ಮುಗಿಸುವ ಹೊತ್ತಿಗೂ ಅವಳ ಖರ್ಜೂರ ಕೈಯಲ್ಲೇ ಇರುತ್ತದೆ. ಎಲ್ಲರಿಗೂ ಬಡಿಸುವುದು, ಲೋಟ ಒರೆಸುವುದು, ಏನೋ ಒಂದು. ಒಳ್ಳೆ ಮನೆತನದ ಹುಡುಗಿ.

ಮಾರ್ಚ್ 18, ಮಂಗಳವಾರ. ಸಂಜೆ 6.50. ಟೆರೇಸಿನ ಮೆಟ್ಟಿಲ ಮೇಲೆ

ಕ್ರಮವಾಗಿ ಬರೆಯಬೇಕು.

ವಿಭಾಗದ ಟೆರೇಸಿನ ಮೇಲೆ ಬಿಸಿಲು ಅಳೆಯುವ ಮಾಪಕವಿದೆ. ಅದರ ಸೊನ್ನೆ ನೋಡಬೇಕಾದರೆ ಸೂರ್ಯ ಮುಳುಗಿರಬೇಕು. ಊಟಕ್ಕೆ ಆಮೇಲೆ ಬರುತ್ತೇನೆಂದು ಹೇಳಿ, ಖರ್ಜೂರ ಜೇಬಿಗೆ ಹಾಕಿಕೊಂಡು ಹತ್ತಿದೆ. ಕತ್ತು ಬಗ್ಗಿಸಿ ತಿರುಪು ಬಿಚ್ಚುತ್ತಿದ್ದೆ. 6.23. ಖರ್ಜೂರ ಬಾಯಿಗೆ. ಮಾಪಕ ನೋಡಿದೆ. ಸೊನ್ನೆ ಇಲ್ಲ, ಮೂವತ್ತೆಂಟು. ಬೆರಳಲ್ಲಿ ತಟ್ಟಿದೆ. ಮೂವತ್ತೇಳು. ಕೆಟ್ಟಿದೆ ಅಂದುಕೊಂಡು ಜೇಬಿನಿಂದ ಕೆಂಪು ಚೀಟಿ ತೆಗೆದೆ.

ಆಮೇಲೆ ತಲೆ ಎತ್ತಿದೆ.

ಸೂರ್ಯ ಇದ್ದ. ಪೂರ್ತಿ, ಕೆಂಪಗೆ, ಬಯಲಿನ ಅಂಚಿನಿಂದ ಒಂದು ಬೆರಳು ಮೇಲೆ. ಖರ್ಜೂರದ ಬೀಜ ಇನ್ನೂ ನಾಲಿಗೆ ಮೇಲಿತ್ತು.

ಅವನು ಮುಳುಗುವವರೆಗೆ ನಿಂತೆ. 6.31. ಎಂಟು ನಿಮಿಷ.

ಅಕ್ಕನ ಪಟ್ಟಿ ನಮ್ಮೂರಿನದು. ನಮ್ಮೂರು ಪೂರ್ವಕ್ಕೆ. ಅಲ್ಲಿ ಮೊದಲು ಮುಳುಗುತ್ತದೆ, ಇಲ್ಲಿ ಆಮೇಲೆ. ಶಾಲೆ ಹುಡುಗನಿಗೂ ಗೊತ್ತಿರುವ ವಿಷಯ. ಐವತ್ತಮೂರು ವರ್ಷ ಒಂದೇ ಊರಿನ ಸೂರ್ಯನನ್ನು ನೋಡಿದವನಿಗೆ ಹೊಳೆಯಲಿಲ್ಲ. ಆ ಹುಡುಗಿ ಹೇಳಿದಾಗ ನಗೆಯಾಡಿದೆ.

ನನ್ನದು ಹದಿನೇಳು ದಿನ. ಅದು ನನ್ನ ಕರ್ಮ. ಆದರೆ ಮಾಮ! ದೀಪ ನೋಡಿಕೊಂಡು ತಡವಾಗಿ, ಸರಿಯಾಗಿ ತಿನ್ನುತ್ತಿದ್ದ ಮನುಷ್ಯ. ನಾನು ಬಂದು ಕೆಡಿಸಿದೆ. ಹದಿಮೂರು ದಿನ.

ಮಾರ್ಚ್ 19, ಬುಧವಾರ

ಮಸೀದಿಗೆ ಫೋನು ಮಾಡಿ ಗುರುಗಳನ್ನು ಕೇಳಿದೆ. ಯಾರದೋ ವಿಷಯ ಎಂಬಂತೆ ಕೇಳಿದೆ. ಗೊತ್ತಿಲ್ಲದೆ ಆದದ್ದಕ್ಕೆ ಪಾಪವಿಲ್ಲ, ಆದರೆ ಹಬ್ಬ ಕಳೆದ ಮೇಲೆ ಆ ಉಪವಾಸಗಳನ್ನು ಮತ್ತೆ ಹಿಡಿಯಬೇಕು ಅಂದರು. "ಅವ್ರಿಗೆ ತಿಳಿಸ್ಬಿಡಿ" ಅಂತಲೂ ಅಂದರು. ಯಾರದೋ ವಿಷಯ ಅಂದದ್ದನ್ನು ನಂಬಿದ ಹಾಗಿರಲಿಲ್ಲ.

ಸಂಜೆ ಹೇಳಬೇಕೆಂದೇ ಹೋದೆ. ಬಾಯಿಂದ ಬಂದದ್ದು ಬೇರೆ: "ನನ್ನ ವಾಚು ನಿನ್ನೆ ರಾತ್ರಿಯಿಂದ ಮುಂದೋಡ್ತಿದೆ, ಇವತ್ತಿಂದ ಸ್ವಲ್ಪ ಕಾಯೋಣ." ಎಂಟು ನಿಮಿಷ ಕಾಯ್ದರು. ಯಾರೂ ಏನೂ ಕೇಳಲಿಲ್ಲ. ನನ್ನ ಮಾತಿಗೆ ಅಷ್ಟು ಬೆಲೆ.

ಮಾರ್ಚ್ 20, ಗುರುವಾರ

ಇವತ್ತಂತೂ ಹೇಳಿಯೇಬಿಡುವುದು ಎಂದು ಸ್ವಲ್ಪ ಮೊದಲೇ ಗೇಟಿಗೆ ಹೋದೆ. ಮಾಮ ಖುಷಿಯಲ್ಲಿದ್ದರು.

"ಹತ್ತೊಂಬತ್ತಾಯ್ತು ಸಾರ್. ಒಂದೂ ತಪ್ಪಿಲ್ಲ. ಹೋದ್ವರ್ಷ ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಒಂದ್ ದಿನಾನೂ ಬಿಡ್ಲಿಲ್ಲ. ಮನೇಲಿ ಎಲ್ರೂ ಹಿಡಿದಿದ್ದಾಗ ನಾನೊಬ್ನೇ ತಟ್ಟೆ ಮುಂದೆ. ಹೇಗಿರುತ್ತೆ ಹೇಳಿ? ಈ ಸಲ ಕಾಡಿ ಬೇಡಿ ಒಪ್ಪಿಸ್ದೆ. ಈ ಒಂದು ತಿಂಗಳು, ಅದರ ಮೇಲೆ ಒಂದ್ ದಿನ ಹೆಚ್ಚಾದ್ರೂ ನನ್ ಹತ್ರ ಬರ್ಬೇಡ ಅಂದಿದಾರೆ."

ಒಂದು ದಿನ ಹೆಚ್ಚಾದರೂ. ನನ್ನ ಹತ್ತಿರ ಹದಿಮೂರಿವೆ.

ಹೇಳಲಿಲ್ಲ. ಹೇಳಿದರೆ ಅವರ ಸಂತೋಷ ಹೋಗುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ಹೇಳಿದರೆ ನನ್ನ ಸಂಜೆ ಹೋಗುತ್ತದೆ. ಮತ್ತೆ ಸ್ಟೂಲು, ಬಿಸ್ಕತ್ತು, ಏಳು ತಕ್ಕಡಿ. ಅದಕ್ಕೆ ಹೆದರಿದ್ದೇನೆ.

ಮಾರ್ಚ್ 21, ಶುಕ್ರವಾರ

ಸೂಪು ಅರ್ಧಕ್ಕೇ ಬಿಟ್ಟೆ. ಉಪ್ಪು ಕಡಿಮೆಯಾ ಎಂದು ಅಡುಗೆಯಮ್ಮ ಮೂರು ಸಲ ಕೇಳಿದಳು.

ಮಾರ್ಚ್ 22, ಶನಿವಾರ. ಸಂಜೆ 7.15

ಹೇಳಿದೆ.

ಎಲ್ಲರೂ ತಿಂದು ಮುಗಿಸಲಿ ಎಂದು ಕಾಯ್ದೆ. ಆಮೇಲೆ ಎದ್ದು, ಒಲೆಯ ಪಕ್ಕದ ಪಟ್ಟಿಯ ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು, ಅದೇ ಜಾಗದಲ್ಲಿ ಕೆಂಪು ಅಂಟಿಸಿದೆ. ಟೆರೇಸು, ಎಂಟು ನಿಮಿಷ, ನಮ್ಮೂರು, ಹದಿಮೂರು ದಿನ, ವಾಚಿನ ಸುಳ್ಳು — ಎಲ್ಲ ಹೇಳಿದೆ. ಮೂರು ದಿನ ಮುಚ್ಚಿಟ್ಟಿದ್ದೆ ಎಂಬುದನ್ನೂ.

ಮಾಮ ಆ ಕೆಂಪು ಚೀಟಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ತಟ್ಟೆ ತಾವೇ ತೊಳೆದಿಟ್ಟು, ಟೋಪಿ ಹಾಕಿಕೊಂಡು ಗೇಟಿಗೆ ಹೋದರು.

ಅಡುಗೆಯಮ್ಮ ಸೌಟು ಕೆಳಗಿಟ್ಟಳು. ಅದು ಅವಳ ಕೈಯಲ್ಲಿಲ್ಲದ್ದನ್ನು ಮೊದಲ ಸಲ ನೋಡಿದ್ದು. "ಆ ಜೀವಕ್ಕೆ ಹೀಗ್ ಮಾಡ್ಬಾರ್ದಿತ್ತು" ಅಂದಳು, ಅಷ್ಟೇ.

ಇರುವೆ ಹುಡುಗಿ ಉಳಿದಳು. "ನಂದು ಮೂರೇ ದಿನ ಸರ್. ಒಂಬತ್ತನೇ ತಾರೀಖಿಂದ ನಾನು ಫೋನ್ ಟೈಮಿಗೇ ತಿಂತಿದ್ದೆ."

ಆ ಬಡಿಸುವುದು. ಆ ಲೋಟ ಒರೆಸುವುದು. ಕೈಯಲ್ಲೇ ಉಳಿಯುತ್ತಿದ್ದ ಖರ್ಜೂರ.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಗದರಿಯೇ ಕೇಳಿದೆ. ನಾಚಿಕೆಗೇಡು.

"ಹೇಳಿದ್ದೆನಲ್ಲ ಸರ್. ನೀವು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ, ನಂದೇ ತಪ್ಪಿರ್ಬಹುದು ಅಂದ್ಕೊಂಡೆ. ಎರಡೂ ಕಡೆಗೂ ಇರ್ಲಿ ಅಂತ ಕಾಯ್ತಿದ್ದೆ." ಆಮೇಲೆ, "ಮಾಮನಿಗಾದ್ರೂ ಹೇಳ್ಬೇಕಿತ್ತು" ಅಂದಳು. ಹೇಳುತ್ತಲೇ ಅತ್ತಳು.

ಮಾರ್ಚ್ 23, ಭಾನುವಾರ

ಗೇಟಿನಲ್ಲಿ ಬೇರೆ ಯಾರೋ. ಮಾಮ ರಜೆಯಂತೆ. ಅಡುಗೆಮನೆ ಕಡೆ ಹೋಗಲು ಮುಖವಿಲ್ಲ. 6.32. ಬಿಸ್ಕತ್ತು.

ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನನ್ ಪಟ್ಟಿ ನಮ್ಮನೆಗೆ ಬರ್ದಿದ್ದು ಕಣೋ, ನೀನು ಅಲ್ಲಿದೀಯ ಅನ್ನೋದು ನನಗೂ ಇನ್ನೂ ಅಭ್ಯಾಸ ಆಗಿಲ್ಲ" ಅಂದಳು.

ಮಾರ್ಚ್ 24, ಸೋಮವಾರ

ಬಿಸ್ಕತ್ತು.

ಮಾರ್ಚ್ 25, ಮಂಗಳವಾರ. ಸಂಜೆ 6.20. ಟೆರೇಸಿನ ಮೇಲೆ

ಐದು ಗಂಟೆಗೆ ಲ್ಯಾಬಿನ ಬಾಗಿಲು ತಟ್ಟಿದ ಸದ್ದು. ಮಾಮ. ಟೋಪಿ ಕೈಯಲ್ಲಿತ್ತು.

"ಡಾಕ್ಟ್ರ ಹತ್ರ ಹೋಗಿದ್ದೆ. ಚೆನ್ನಾಗಿ ಬೈಸ್ಕೊಂಡೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ವಾರಕ್ಕೊಂದೇ ಒಂದು, ಅದೂ ಸಕ್ಕರೆ ಹತೋಟಿಲಿದ್ರೆ ನೋಡೋಣ ಅಂದ್ರು. ಹದಿಮೂರು ವಾರ ಆಗುತ್ತೆ." ಟೋಪಿ ಸ್ಟೂಲಿನ ಮೇಲಿಟ್ಟರು. "ಉಪವಾಸದ ತಿಂಗಳಲ್ಲಾದ್ರೆ ಎಲ್ರೂ ಹಿಡಿದಿರ್ತಾರೆ, ನಡೆದ್ಹೋಗುತ್ತೆ. ಒಬ್ನೇ ನನ್ ಕೈಲಾಗಲ್ಲ. ನೀವು ಜೊತೆಗೆ ಕೂರ್ಬೇಕು."

"ನನ್ ಕೆಲ್ಸ ಜೂನಿಗೆ ಮುಗ್ದುಹೋಗುತ್ತೆ ಮಾಮ."

"ರೈಲೂ ಮುಗ್ದುಹೋಗುತ್ತಾ?"

ಹೋಗುವುದಿಲ್ಲ. ಬರುತ್ತೇನೆ ಅಂದೆ. ಹದಿಮೂರು ವಾರ, ಅರ್ಧ ಹಗಲು ಹೋಗಲು, ಅರ್ಧ ಹಗಲು ಬರಲು. ಬರುತ್ತೇನೆ. ಕ್ಷಮಿಸಿದಿರಾ ಎಂದು ಕೇಳಿಬಿಟ್ಟೆ.

"ಖಾಲಿ ಹೊಟ್ಟೇಲಿ ಯಾರನ್ನೂ ಬೈಯೋ ಹಾಗಿಲ್ಲ. ಅದಕ್ಕೆ ಸುಮ್ನಿದೀನಿ. ತಿಂದ್ಮೇಲೆ ಬೈತೀನಿ, ತಯಾರಾಗಿರಿ."

ಇನ್ನು ಮುಂದೆ ಪಟ್ಟಿಯೂ ಬೇಡ, ವಾಚೂ ಬೇಡ, ಕಣ್ಣಿಗೆ ಕಾಣುವ ಕಡೆ ಕೂರೋಣ ಅಂದವರೂ ಅವರೇ. ಅಡುಗೆಮನೆಯ ಮೇಜನ್ನು ಮೂರು ಮಹಡಿ ಹೊತ್ತು ತಂದೆವು. ಅಡುಗೆಯಮ್ಮ ಸೂಪಿನ ಪಾತ್ರೆ ಹಿಡಿದು ಒಂದೊಂದು ಮೆಟ್ಟಿಲಿಗೂ ನನ್ನ ವಂಶವನ್ನು ಜಾಲಾಡಿದಳು. ಅವಳಿಗೆ ಉಪವಾಸವಿಲ್ಲ, ಬೈಯಬಹುದು.

6.27. ನಾಲ್ವರೂ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದೇವೆ. ಇರುವೆ ಹುಡುಗಿ ಎಲ್ಲರ ಕೈಗೂ ಒಂದೊಂದು ಖರ್ಜೂರ ಕೊಟ್ಟು ತಾನೂ ಹಿಡಿದಿದ್ದಾಳೆ.

6.30. ಕೆಳಗಿನ ಅಂಚು ಬಯಲಿಗೆ ತಾಗಿತು.

ಅರ್ಧ.

"ಸಾರ್, ಬರೆದದ್ದು ಸಾಕು, ನೋಡಿ ಹೇಳಿ" ಅನ್ನುತ್ತಿದ್ದಾರೆ ಮಾಮ. ನನ್ನನ್ನೇ ಕೇಳುತ್ತಿದ್ದಾರೆ. ಇಷ್ಟಾದ ಮೇಲೂ ನನ್ನನ್ನೇ. ಇನ್ನೊಂದು ಗೆರೆಯಷ್ಟು ಉಳಿದಿದೆ, ಇನ್ನೂ ಇದೆ, ಇನ್ನೂ