ನಿಜವಲ್ಲದಿದ್ದರೂ ಹೇಳಿ

ಮೋಸುಲ್

ಕ್ಯಾಪ್ಟನ್ ಮುಹನ್ನದ್ ಸಾಹೇಬರಿಗೆ, ನಿಮ್ಮ ಸೈನಿಕರಾಗಿದ್ದ ನಶ್ವಾನರ ಹೆಂಡತಿ ರಘದ್ ಮಾಡುವ ಸಲಾಮು.

ನೀವು ಕೊಡಿಸಿದ ರೊಟ್ಟಿ ಅಂಗಡಿಯ ಕೆಲಸ ಹೋಯಿತು. ತಗಡಿನ ತಟ್ಟೆ ಬಿದ್ದ ಸದ್ದಿಗೆ ಇವರು ಮುದಿ ಮಾಲೀಕರನ್ನು ನೆಲಕ್ಕೆ ಕೆಡವಿ, ಅವರ ಮೇಲೆ ಕವುಚಿ ಬಿದ್ದರು. ಅವರ ಕೈ ಮುರಿದಿದೆ. "ಪಾಪ, ನನ್ನನ್ನ ಉಳಿಸೋಕೇ ಬಂದ ಕಣಮ್ಮಾ," ಅಂತ ಅವರೇ ನನಗೆ ಸಮಾಧಾನ ಹೇಳಿದರು.

ಇವರು ಮನೆಗೆ ಬಂದು, "ಅವತ್ತು ಬಾಂಬ್ ಬಿದ್ದಾಗ ಸಲ್ವಾನ್ ಮೇಲೂ ಹೀಗೇ ಬಿದ್ದಿದ್ರೆ ಅವನು ಬದುಕ್ತಿದ್ದ," ಅಂದರು. ಅಂದಿನಿಂದ ಊಟವಿಲ್ಲ, ಮಾತಿಲ್ಲ. ಡಾಕ್ಟರ ಹತ್ತಿರ ಬರಲೊಲ್ಲರು.

ಒಮ್ಮೆ ಬನ್ನಿ. ಇವರ ಜೊತೆ ಸೈನಿಕನಾಗಿದ್ದ ಆ ಸಲ್ವಾನನನ್ನು ಯಾರಿಂದಲೂ ಉಳಿಸಲಾಗುತ್ತಿರಲಿಲ್ಲ ಎಂದು ನಿಮ್ಮ ಬಾಯಿಂದ ಹೇಳಿ. ನಿಜವಲ್ಲದಿದ್ದರೂ ಹೇಳಿ.

ಬರುವಾಗ ನಿಮ್ಮ ಪಿಸ್ತೂಲು ತರಬೇಡಿ. ಇವರದನ್ನು ನಾನು ಅಣ್ಣನ ಮನೆಗೆ ಸಾಗಿಸಿದ್ದೇನೆ.

ನಿಮ್ಮ ದಾರಿ ಕಾಯುವ,
ರಘದ್