ನಾನು ಹಾಕದ ಫ್ಯೂಸು

ನಿಧಾನಪ್ಪಾ,

ನೀನು ಎಲ್ಲಿಗೆ ಹೋದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಹಾಗಾಗಿ ಈ ಕಾಗದವನ್ನು ಎಲ್ಲಿಗೂ ಕಳಿಸಲಾರೆ.

ನೀನು ನನ್ನ ಗ್ಯಾರೇಜಿನ ಕೆಲಸ ಬಿಟ್ಟ ದಿನ ನಾನು ಲೈಟು ಕೂರಿಸಿದ್ದೆನಲ್ಲ, ಆ ಪುಟ್ಟ ಟ್ರ್ಯಾಕ್ಟರು ಇವತ್ತು ಬೆಳಿಗ್ಗೆ ವಾಪಸು ಬಂತು. ಎಲ್‌ಇಡಿ ಎರಡೂ ಉರಿಯುತ್ತಿಲ್ಲ ಎಂದರು ಅದರ ಒಡತಿ. ಬಾನೆಟ್ ಎತ್ತಿ ನೋಡಿದೆ.

ಬ್ಯಾಟರಿಯಿಂದ ಹೊರಟ ವೈರು ತಗಡಿನ ತೂತಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದುಕೊಂಡಿತ್ತು. ಬೆತ್ತಲೆ ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಎರಡು ಬೆರಳಿನಾಚೆ ಡೀಸೆಲ್ ಪೈಪು. ತೂತಿಗೆ ರಬ್ಬರು ಹಾಕದೆ ವೈರು ಎಳೆದವನು ನಾನೇ. "ಎರಡು ಲೈಟಿಗೆ ಫ್ಯೂಸು ಯಾಕೋ ಪುಕ್ಕಲ? ನಿನ್ನ ನಿಧಾನಕ್ಕೆ ಗಿರಾಕಿಗಳೆಲ್ಲ ಓಡಿಹೋಗ್ತಾರೆ" ಎಂದು ಆ ದಿನ ಎಲ್ಲರೆದುರು ನಿನ್ನ ಮೇಲೆ ಕೂಗಿದವನೂ ನಾನೇ.

ಆದರೆ ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸಿತ್ತು, ಸುಟ್ಟುಹೋಗಿತ್ತು. ಅದಕ್ಕೆ ಸುತ್ತಿದ ಟೇಪಿನ ತುದಿ ಮಡಚಿತ್ತು. ಮುಂದೆ ಬಿಚ್ಚುವವನ ಉಗುರಿಗೆ ಸಿಗಲಿ ಎಂದು ಹಾಗೆ ಮಡಚುವವನು ನೀನೊಬ್ಬನೇ. ಅಷ್ಟು ಬೈಸಿಕೊಂಡ ಮೇಲೂ, ಹೊರಡುವ ಮುಂಚೆ, ಯಾವ ಮಾಯದಲ್ಲಿ ಹಾಕಿದೆಯೋ?

"ಲೈಟು ತಾನೇ ಹೋಗಿದ್ದು, ಅದಕ್ಯಾಕಣ್ಣ ಹೀಗೆ ಬೆವರ್ತಿದೀರಿ?" ಎಂದರು ಆಕೆ. ಅವರ ಪುಟ್ಟ ಮಗಳು ಸೀಟು ಹತ್ತಿ ಸ್ಟೀರಿಂಗ್ ತಿರುಗಿಸುತ್ತಿದ್ದಳು. ನಾನು ಫ್ಯೂಸು ತೋರಿಸಿ, ಇದಿಲ್ಲದಿದ್ದರೆ ಗಾಡಿ ಹೊತ್ತಿಕೊಳ್ಳುತ್ತಿತ್ತು ಎಂದೆ.

"ಅಯ್ಯೋ! ಹಾಕಿದ ಪುಣ್ಯಾತ್ಮ ಯಾರಣ್ಣ? ಎಲ್ಲಿದಾರೆ?"

ನೀನು ಅಂಗಿ ತೂಗುಹಾಕುತ್ತಿದ್ದ ಮೊಳೆಯ ಕಡೆ ನಾನು ನೋಡಿದೆ.

"ಬರ್ತಾನೆ" ಎಂದೆ. "ಅವನು ಸ್ವಲ್ಪ ನಿಧಾನ."